ಹೊಳೆಗೆ ಮಾತು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದಾಗಿನ ಸಂಗತಿ ಇದು. ಬೆಟ್ಟಗಳು ಆಗಷ್ಟೇ ಕೂರುವುದನ್ನು ಕಲಿತಿದ್ದವು. ಗಾಳಿ ಮಾತಾಡುತ್ತಿತ್ತು, ಮೋಡ ಮಾತಾಡುತ್ತಿತ್ತು, ಹಕ್ಕಿಗಳಂತೂ ಬಾಯಿ ಮುಚ್ಚುತ್ತಿರಲಿಲ್ಲ. ಹೊಳೆ ಮಾತ್ರ ಮೂಗಿ. ಮಡುವಿನಲ್ಲೂ ಮೌನ, ಮೊಣಕಾಲುದ್ದದ ನೀರಿನಲ್ಲೂ ಮೌನ.

ಆ ಹೊಳೆಯ ದಂಡೆಯ ಊರಿನಲ್ಲಿ ಬಾಳವ್ವ ಎಂಬ ಮುದುಕಿ ಇದ್ದಳು. ಬಾಯಲ್ಲಿ ಒಂದು ಹಲ್ಲೂ ಇಲ್ಲ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಬಿಸಿಲು ಹಿತವಾಯಿತೆಂದರೆ ಸಾಕು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರನ್ನ ಬುತ್ತಿ ಕಟ್ಟಿ, ಮೊಮ್ಮಕ್ಕಳನ್ನು ಕರೆದುಕೊಂಡು ಹೊಳೆ ನಡುವಿನ ಮರಳದಿಬ್ಬಕ್ಕೆ ಹೊರಡುವಳು.

ಆ ಜನರಲ್ಲಿ ಒಂದು ಪದ್ಧತಿ ಇತ್ತು. ಹೊಳೆ ದಾಟುವಾಗ ಕಾಲಿಗೆ ತಾಗಿದ ಕಲ್ಲನ್ನು ಎತ್ತಿ ತಂದು ಮೇಲೆ ಹಾಕಬೇಕು. ಹಿಂದೆ ಬರುವವರ ಅಂಗಾಲು ನೋಯಬಾರದಲ್ಲ, ಅದಕ್ಕೆ. ಅಂಗಳ ಗುಡಿಸಿದ ಹಾಗೆ ಹೊಳೆಯನ್ನೂ ಗುಡಿಸುತ್ತಿದ್ದರು, ಪಾಪ. ಬಾಳವ್ವ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ದಿಬ್ಬದ ಮೇಲೆ ಕಲ್ಲಿನ ಗುಡ್ಡೆಯೇ ಬೆಳೆದು ನಿಂತಿತ್ತು.

ಒಂದು ದಿನ ಮಕ್ಕಳು ಉಂಡು ಮರಳಲ್ಲಿ ಆಡುತ್ತಿದ್ದರು. ಮೋಡವೊಂದು ಓಡೋಡಿ ಬಂತು.

"ಬಾಳವ್ವಾ, ಮ್ಯಾಲ ಗುಡ್ಡದಾಗ ಸುರದು ಬಂದೀನಿ. ದೊಡ್ಡ ನೀರು ಬರಾಕತ್ತೈತಿ. ಮಕ್ಕಳನ್ನ ಕರಕೊಂಡು ಲಗೂನ ಮನಿಗಿ ಹೋಗು."

ಬಾಳವ್ವ ತಿರುಗಿ ನೋಡಿದಳು. ಹೊಳೆ ಆಗಲೇ ಕೆಂಪಾಗಿತ್ತು. ದಿನವೂ ತಳ ನೋಡಿ ದಾಟುತ್ತಿದ್ದವಳಿಗೆ ಈಗ ತಳವೇ ಕಾಣದು. ಒಂದು ಕಡೆ ಕಾಲಿಟ್ಟಳು, ಸೊಂಟದವರೆಗೆ ಇಳಿದಳು. ಇನ್ನೊಂದು ಕಡೆ ಇಟ್ಟಳು, ಎದೆಯವರೆಗೆ ಇಳಿದಳು. ನೀಲಿ ಎಂಬ ಹಿರಿಯ ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ದಿಬ್ಬಕ್ಕೆ ಎಳೆದುಕೊಂಡಳು. ಮುದುಕಿಗೆ ಜೀವ ಬಾಯಿಗೆ ಬಂತು.

"ಹೊಳೆವ್ವಾ, ಎಲ್ಲಿ ಕಾಲಿಡ್ಲಿ ಹೇಳವ್ವಾ. ನಂದೇನು, ಹಣ್ಣೆಲಿ. ಇವು ಇನ್ನೂ ಚಿಗುರು."

ಹೊಳೆವ್ವ ಹೇಳಬೇಕೆಂದು ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಆಗ ಕಲ್ಲುಗುಡ್ಡೆಯ ಸಂದಿಯಲ್ಲಿ ಮೊಟ್ಟೆ ಇಟ್ಟಿದ್ದ ಟಿಟ್ಟಿಭ ಹಕ್ಕಿ ಕತ್ತು ಚಾಚಿತು.

"ಹಲ್ಲಿಲ್ಲದ ನಿನ್ನ ಮಾತ ಅರ್ಧ ತಿಳಿಯಂಗಿಲ್ಲ, ಬಾಳವ್ವಾ. ಹೊಳೆವ್ವನ ಹಲ್ಲು ಈ ಕಲ್ಲ, ಅವನ್ನೂ ನೀವ ಒಂದೊಂದ ಕಿತ್ತು ಇಲ್ಲಿ ಗುಡ್ಡಿ ಹಾಕೀರಿ. ಆಕಿ ಹೆಂಗ ಮಾತಾಡ್ಯಾಳು? ನನ್ನ ಮೊಟ್ಟಿ ಇರೋ ಮೂಲಿ ಒಂದ ಬಿಟ್ಟು, ಉಳಿದದ್ದು ಆಕೀದು ಆಕಿಗೆ ಕೊಡು."

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಬಾಳವ್ವನಿಗೆ ನಾಚಿಕೆಯಾಯಿತು, ಆದರೆ ನಾಚುತ್ತ ಕೂರಲು ಹೊತ್ತಿರಲಿಲ್ಲ. ಮೊದಲು ಹಕ್ಕಿಯ ಮೊಟ್ಟೆಗಳನ್ನು ಬುತ್ತಿಯ ಬುಟ್ಟಿಗಿಟ್ಟು ನೀಲಿಯ ತಲೆಗೆ ಹೊರಿಸಿದಳು. ದಿಬ್ಬ ಮುಳುಗಿದರೆ ಅವೂ ಮುಳುಗುತ್ತಿದ್ದವಲ್ಲ. ಹಬ್ಬಕ್ಕೊಮ್ಮೆ ಅಕ್ಕಿ, ಕೊಬ್ಬರಿ ಹಾಕಿ ಹೊಳೆಯ ಉಡಿ ತುಂಬುತ್ತಿದ್ದವಳು ಇವತ್ತು ತನ್ನ ಉಡಿಯ ತುಂಬ ಕಲ್ಲು ಕಟ್ಟಿಕೊಂಡಳು. ಮಕ್ಕಳೂ ಕಟ್ಟಿಕೊಂಡರು.

ಒಂದು ಕಲ್ಲು ಎಸೆದಳು. ಗುಳುಂ. ನೀರು ನುಂಗಿ ಸುಮ್ಮನಾಯಿತು. ಇನ್ನೊಂದು ಎಸೆದಳು. ಗುಳುಂ. ಮತ್ತೆ ಸುಮ್ಮನೆ. ಸ್ವಲ್ಪ ಬಲಕ್ಕೆ ಸರಿದು ಕಲ್ಲಿನ ಮೇಲೆ ಕಲ್ಲು ಎಸೆದಳು. ಅಲ್ಲಿ ನೀರು ತೆಳು, ಕಲ್ಲು ಮುಳುಗದೆ ಕೂತಿತು. ನೀರು ಅದಕ್ಕೆ ಬಡಿದು, ತೊದಲಿ, ಮೊದಲ ಸಲ ಬಾಯಿಬಿಟ್ಟಿತು.

"ಇಲ್ಲಿ, ಇಲ್ಲಿ, ಇಲ್ಲಿ."

ಬಾಳವ್ವ ಆ ದನಿಯ ಪಕ್ಕದಲ್ಲಿ ಕಾಲಿಟ್ಟಳು. ಮುಂದೆ ಇನ್ನಷ್ಟು ಎಸೆದಳು. "ಇಲ್ಲಿ, ಇಲ್ಲಿ" ಎಂದಿತು ಹೊಳೆ. ಕೈ ಕೈ ಹಿಡಿದು ಮಕ್ಕಳೆಲ್ಲ ಅವಳ ಹಿಂದೆ ನಡೆದರು.

"ಆಯಿ, ಕಲ್ಲು ಚುಚ್ಚತೈತಿ" ಎಂದು ಕಿರಿಯ ಮೊಮ್ಮಗಳು ಅಜ್ಜಿಯ ಮುಂದೆ ರಾಗ ಎಳೆದಳು.

"ಚುಚ್ಚಲಿ ಬಿಡು, ನನ್ನ ಬಂಗಾರ. ಆಕಿ ಹೇಳೂದು ಕೇಳಕೋತ ಬಾ."

ದಂಡೆ ಹತ್ತಿ ಬುಟ್ಟಿ ಇಳಿಸುವಷ್ಟರಲ್ಲಿ ದೊಡ್ಡ ನೀರು ಬಂತು. ದಿಬ್ಬ ಕಣ್ಣೆದುರೇ ಕರಗಿತು. ಬಾಳವ್ವ ಮಕ್ಕಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟಳು. ಟಿಟ್ಟಿಭ ಬಂದು ಬುಟ್ಟಿಯ ಅಂಚಿಗೆ ಕೂತಿತು.

ಆಮೇಲೆ ಆ ಊರಿನವರು ಹೊಳೆಯ ಕಲ್ಲು ಎತ್ತಲಿಲ್ಲ. ಮಡುವಿಗೆ ಬಿದ್ದ ಕಲ್ಲುಗಳು ಮಾತ್ರ ಹೊಳೆಯ ಬಾಯಿಗೆ ಸಿಗದೆ ತಳ ಸೇರಿದವು. ಅದಕ್ಕೇ ಮಗು, ನೀನು ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋದಾಗ ತೆಳುವಾದ ನೀರು ಕಲ್ಲುಗಳ ನಡುವೆ ಜುಳುಜುಳು ಮಾತಾಡುತ್ತಲೇ ಇರುತ್ತದೆ, ಮಡು ಮಾತ್ರ ನಿನ್ನನ್ನು ಎಚ್ಚರಿಸಬೇಕೆಂದರೂ ಆಗದೆ ಸುಮ್ಮನೆ ನಿನ್ನ ಮುಖ ನೋಡುತ್ತಿರುತ್ತದೆ.