ಕಾಶಮ್ಮನ ಕಾರು, ಭೀಮಶಾನ ರಿಪೇರಿ

ಸೇಡಂ ಸೀಮೆಯ ಬಿಸಿಲು ನಿಮಗೆ ಗೊತ್ತಿದ್ದರೆ ಈ ಕತೆ ಅರ್ಧ ಹೇಳಿದ ಹಾಗೇ. ಇನ್ನರ್ಧ ಭೀಮಶಾನದು.

ಕಾಶಮ್ಮನ ಗಂಡ ಸಾಯುವಾಗ ಎರಡೇ ಬಿಟ್ಟುಹೋಗಿದ್ದ: ಒಂದು ಹಳೇ ಕಾರು, ಒಬ್ಬ ಮಗ. ಕಾರಿಗೆ ಬಿಸಿಲು ಆಗಿಬರುತ್ತಿರಲಿಲ್ಲ, ಮಗನಿಗೆ ಬುದ್ಧಿ ಆಗಿಬರುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದರೆ ಭೀಮಶಾ ಹುಲಿ. ಬಾನೆಟ್ ಎತ್ತಿದರೆ ಮಾತ್ರ ದೇವರೇ ಗತಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತಾಪತ್ರಯ.

ಆ ಬೇಸಿಗೆಯಲ್ಲಿ ಕಾಶಮ್ಮನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. "ಮದುಮಗನ್ನ ನಮ್ಮ ಕಾರಿನ್ಯಾಗೇ ತರ್ತೀವಿ. ಹನ್ನೆರಡೂವರಿ ಮುಹೂರ್ತದ ಅಕ್ಕಿಕಾಳು ತಪ್ಪಂಗಿಲ್ಲ!" ಎಂದು ಕಾಶಮ್ಮ ನಾಲ್ಕು ಜನರ ಮುಂದೆ ಮಾತು ಕೊಟ್ಟಳು.

ತಂಗಿ ಮೂಗು ಮುರಿದಳು. "ಆ ಡಬ್ಬಿನ್ಯಾಗೇನಕ್ಕಾ? ಗುಜರಿಗಿ ಹಾಕು ಅದಕ್ಕ."

ಗಂಡನ ಕಾರಿಗೆ ಡಬ್ಬಿ ಅನ್ನುವುದೇ! ಕಾಶಮ್ಮ ಸೊಂಟಕ್ಕೆ ಕೈಯಿಟ್ಟಳು. "ಆಯ್ತವ್ವ, ಅವತ್ತು ತಪ್ಪಿದ್ರ ಮರುದಿನಾನೇ ಗುಜರಿಗಿ ಹಾಕ್ತೀನಿ" ಎಂದುಬಿಟ್ಟಳು.

ವಾರ ಮೊದಲೇ ಕಾರು ನಡುದಾರಿಯಲ್ಲಿ ಕುಕ್, ಕುಕ್, ಡಬ್ ಎಂದು ನಿಂತಿತು. ಭೀಮಶಾ ಸಂಜೆಯ ತನಕ ಬಿಸಿಲಲ್ಲೇ ಅದರ ಪಕ್ಕ ಕೂತಿದ್ದ.

"ಯಾಕೋ ಬರಲಿಲ್ಲ?" ಎಂದು ಹುಡುಕಿ ಬಂದ ಕಾಶಮ್ಮ ಕೇಳಿದಳು.

"ಗಾಡಿ ಬಿಟ್ಟು ಕದಲಬ್ಯಾಡ ಅಂದಿದ್ದೆಲ್ಲವ್ವ!"

ಮೆಕ್ಯಾನಿಕ್ ಮೌಲಾಲಿ ಕಾಕಾ ತಲೆ ಚಚ್ಚಿಕೊಂಡ. "ಹುಚ್ಚಾ! ಬಿಸಿಲಿಗಿ ಪೆಟ್ರೋಲು ಪೈಪಿನ್ಯಾಗೇ ಆವಿ ಆಗ್ತದ, ಎಂಜಿನ್ನಿಗಿ ಮುಟ್ಟಂಗಿಲ್ಲ. ಒದ್ದಿ ಬಟ್ಟಿ ಸುತ್ತಬೇಕು, ಒದ್ದಿ ಬಟ್ಟಿ!"

"ಹೂಂ ಕಾಕಾ, ಒದ್ದಿ ಬಟ್ಟಿ!"

ಎರಡು ದಿನಕ್ಕೆ ಮತ್ತೆ ಕುಕ್, ಕುಕ್. ಈ ಸಲ ಪೆಟ್ರೋಲು ಸರಿಯಿತ್ತು, ಪ್ಲಗ್ಗಿನ ವೈರಿಗೆ ಧೂಳು ಕೂತಿತ್ತು. ಭೀಮಶಾ ಅವ್ವನ ಸೀರೆ ನೆನೆಸಿ ತಂದು ಪಂಪಿಗೆ ಸುತ್ತಿದ, ವೈರಿಗೆ ಸುತ್ತಿದ, ಪ್ಲಗ್ಗಿಗೆ ಸುತ್ತಿದ, ಉಳಿದದ್ದನ್ನು ತನ್ನ ತಲೆಗೂ ಸುತ್ತಿಕೊಂಡ. ಕುಕ್ ಕುಕ್ ಅನ್ನುತ್ತಿದ್ದ ಎಂಜಿನ್ನು ಪೂರ್ತಿ ಬಾಯಿ ಮುಚ್ಚಿತು.

"ಕರೆಂಟ್ ಹರಿಯೋ ವೈರಿಗಿ ನೀರು ಕುಡಿಸ್ತಿಯೇನೋ!" ಎಂದು ಕಾಕಾ ಕೂಗಿದ. "ಒರಸಬೇಕು! ಒಂದು ಹನಿ ನೀರು ಇರಬಾರದು!"

"ಹೂಂ ಕಾಕಾ, ಒಂದು ಹನಿ ಇರಬಾರದು!"

ಮದುವೆಯ ಹಿಂದಿನ ದಿನ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಎಂಜಿನ್ನು ಕಾದು ಹೊಗೆಯಾಡಿತು. ಭೀಮಶಾ ಆರುವ ತನಕ ಕಾದು, ಇದ್ದಬದ್ದ ನೀರನ್ನೂ ರಸ್ತೆಗೆ ಬಿಟ್ಟ. ಕಡ್ಡಿಗೆ ಬಟ್ಟೆ ಕಟ್ಟಿ ಒಳಗೆಲ್ಲ ಒರೆಸಿದ.

"ಒಂದು ಹನಿ ಇಲ್ಲ ಕಾಕಾ! ನೋಡು ಬೇಕಾದ್ರ!"

ಕಾಕಾ ನೆಲಕ್ಕೆ ಕೂತ. ಕಾಶಮ್ಮ ಸೆರಗು ಬಾಯಿಗಿಟ್ಟು ಅತ್ತಳು. "ನಾಳಿ ಮದುವಿ ಅದನೋ ಭೀಮಶಾ! ನಿನ್ನ ತಲ್ಯಾಗೇನು ಹೊಟ್ಟು ತುಂಬೈತೇನೋ?"

ಕಾಕಾ ಕಾರು ಸರಿಮಾಡಿ, ಎಂಜಿನ್ನಿನ ನಾಲ್ಕು ಪ್ಲಗ್ಗಿನ ಕಡೆ ಕೈ ತೋರಿಸಿ, ಕಟ್ಟಕಡೆಯ ಬುದ್ಧಿ ಹೇಳಿದ. "ಇನ್ನ ಮ್ಯಾಲೆ ಏನೂ ಸುತ್ತಬ್ಯಾಡ, ಏನೂ ಒರಸಬ್ಯಾಡ. ಮೊದಲು ಯಾವುದು ದುಡೀತಿಲ್ಲ ಪತ್ತೆ ಹಚ್ಚು. ನಾಲ್ಕು ಅದಾವ. ಒಂದೊಂದೇ ತೆಗಿ. ತೆಗೆದಾಗ ಗಾಡಿ ಸೊರಗಿತೋ, ಅದು ದುಡಿಯೋದು, ವಾಪಸ್ ಹಚ್ಚು. ತೆಗೆದ್ರೂ ಹಂಗೇ ಇತ್ತೋ, ಅದೇ ಮೈಗಳ್ಳ. ಬಿಸಾಕು!"

"ಹೂಂ ಕಾಕಾ, ಮೈಗಳ್ಳನ್ನ ಬಿಸಾಕು!"

ಮದುವೆಯ ದಿನ ಬಂತು. ಮದುಮಗ, ಅವನ ಮೂವರು ಗೆಳೆಯರು, ಭೀಮಶಾ. ಹೊರಟಿತು ಕಾರು. ಊರ ಅಗಸಿ ಬಾಗಿಲು ಇನ್ನು ಅರ್ಧ ಮೈಲಿ ಇದೆ ಅನ್ನುವಾಗ, ಬೇವಿನ ಮರದ ಹತ್ತಿರ ಕುಕ್, ಕುಕ್, ಡಬ್!

"ಇಳೀರಿ, ದೂಡ್ರಿ!" ಎಂದ ಭೀಮಶಾ. ನಾಲ್ವರೂ ಇಳಿದು ದೂಡಿದರು. ಕಾರು ಉರುಳಿತೇ ಹೊರತು ಚಾಲೂ ಆಗಲಿಲ್ಲ. ಭೀಮಶಾ ಕನ್ನಡಿಯಲ್ಲಿ ನೋಡಿ ಎಣಿಸಿದ. ನಾಲ್ಕು! ಬರೋಬ್ಬರಿ ನಾಲ್ಕು!

"ಏ ದಪ್ಪಣ್ಣಾ, ಕೈ ತೆಗಿ!" ಕಾರು ಸೊರಗಿತು. "ದುಡಿಯೋನು! ವಾಪಸ್ ಹಚ್ಚು!" ಎರಡನೆಯವನು ಕೈ ತೆಗೆದ, ಕಾರು ಸೊರಗಿತು. ಮೂರನೆಯವನು ತೆಗೆದ, ಆಗಲೂ ಸೊರಗಿತು. ಕೊನೆಗೆ ಮದುಮಗ. ಪಾಪ, ರೇಷ್ಮೆ ಅಂಗಿಗೆ ಮಸಿ ಹತ್ತೀತೆಂದು ಬೆರಳ ತುದಿ ಮಾತ್ರ ಇಟ್ಟಿದ್ದ. ತೆಗೆದರೂ ಕಾರು ಹಂಗೇ ಉರುಳಿತು.

"ಸಿಕ್ಕ ಮೈಗಳ್ಳ!"

ಅಷ್ಟರಲ್ಲಿ ಎಂಜಿನ್ನು ತಣ್ಣಗಾಗಿ ಧಡಕ್ಕನೆ ಚಾಲೂ ಆಯಿತು. "ಹತ್ರಿ, ನಿಂತ್ರ ಮತ್ತ ಚಾಲೂ ಆಗಂಗಿಲ್ಲ!" ಮೂವರೂ ಓಡಿ ಹತ್ತಿದರು, ಮದುಮಗ ಹಿಂದೇ ಉಳಿದ. "ಲೇ, ಮದುಮಗ! ಮದುಮಗ!" ಎಂದು ಬಾಯಿ ಬಡಿದುಕೊಂಡರು. ಕೇಳುವವರು ಯಾರು?

ಕಾರು ಮಂಟಪದ ಮುಂದೆ ನಿಂತಾಗ ಹನ್ನೆರಡೂ ಹದಿನೈದು. ಕಾಶಮ್ಮ ತಂಗಿಯ ಕಡೆ ತಿರುಗಿ ಗತ್ತಿನಿಂದ ನಕ್ಕಳು. ಆಮೇಲೆ ಕಾರಿನೊಳಗೆ ಇಣುಕಿದಳು.

"ಮದುಮಗ ಎಲ್ಲೋ?"

"ಅವ ಕೆಟ್ಟಿದ್ದನವ್ವ. ಬಿಸಾಕಿ ಬಂದೆ."

ವಾದ್ಯ ನಿಂತಿತು. ತಂಗಿ ಧೊಪ್ಪನೆ ಕೂತಳು. ಕಾಶಮ್ಮನ ಕಣ್ಣಿಗೆ ಗುಜರಿ ಅಂಗಡಿ ಕಂಡಿತು. "ಅಯ್ಯೋ ನನ್ನ ಹಣೆಬರಹವೇ! ಓಡೋ! ಎಲ್ಲಿಂದ ತೆಗೆದಿಯೋ ಅಲ್ಲೇ ಹಚ್ಚಿ ಕರಕೊಂಡು ಬಾ!"

"ಹೂಂ ಅವ್ವ, ಎಲ್ಲಿಂದ ತೆಗೆದೆನೋ ಅಲ್ಲೇ!"

ಹನ್ನೆರಡೂ ಇಪ್ಪತ್ತೊಂಬತ್ತಕ್ಕೆ ಕಾರು ಬಂತು. ಎಂಜಿನ್ನು ಒಂದು ಸಲವೂ ಕುಕ್ ಅನ್ನಲಿಲ್ಲ. ಆದರೆ ಒಳಗೆ ಭೀಮಶಾ ಒಬ್ಬನೇ! ಕಾಶಮ್ಮ ಹಣೆ ಬಡಿದುಕೊಂಡಳು. ಧೂಳು ಸರಿದ ಮೇಲೆ ಕಂಡ ಮದುಮಗ: ಕಾರಿನ ಹಿಂದೆ, ಎರಡೂ ಕೈ ಡಿಕ್ಕಿಗೆ ಹಚ್ಚಿ, ಬಾಸಿಂಗ ಕಿವಿಗೆ ಜಾರಿ, ಬೆವರಿನಲ್ಲಿ ತೊಯ್ದು, ದೂಡುತ್ತಾ ದೂಡುತ್ತಾ ಓಡಿ ಬರುತ್ತಿದ್ದ.

"ಅಲ್ಲೇ ಹಚ್ಚೀನವ್ವ!" ಎಂದು ಭೀಮಶಾ ಕಿಟಕಿಯಿಂದ ಕೂಗಿದ. "ಈಗ ಭಾಳ ಚಂದ ದುಡೀಲಿಕತ್ಯಾನ!"