ಎಲ್ವೀರಾ ಎದ್ದು ಹೋದ ಆಸನ

ನಿಜಗುಣಯ್ಯನವರು ಹೊಳೆದಂಡೆಯ ಆಶ್ರಮದಲ್ಲಿ ಯೋಗ ಕಲಿಸುತ್ತಿದ್ದರು. ಅವರ ಶಿಷ್ಯ ಚಿದಂಬರ ಮೆಕ್ಸಿಕೊದ ಒಂದು ಊರಿಗೆ, ಕ್ಯಾನ್ಸರ್ ರೋಗಿಗಳಿಗೆ ಯೋಗ ಕಲಿಸಲು ಹೋಗಿದ್ದ. ಹೋಗುವ ಮುಂಚೆ ವರ್ಷವಿಡೀ ಕೂತು ಸ್ಪ್ಯಾನಿಷ್ ಕಲಿತಿದ್ದ.

ಆರೇ ತಿಂಗಳಿಗೆ ವಾಪಸು ಬಂದ.

"ಇನ್ನು ನಾನು ಯಾರಿಗೂ ಕಲಿಸಲಾರೆ, ಗುರುಗಳೇ."

"ಏನಾಯಿತು?"

"ಮೊದಲ ದಿನ ಹನ್ನೆರಡು ಜನ ಬಂದಿದ್ದರು. ಅವರಲ್ಲಿ ಎಲ್ವೀರಾ ಅಂತ ಒಬ್ಬಳು. ಸಂತೆಯಲ್ಲಿ ಜೋಳದ ರೊಟ್ಟಿ ತಟ್ಟಿ ಮಾರುವವಳು. ಕೀಮೋದಿಂದ ತಲೆಗೂದಲೆಲ್ಲ ಉದುರಿತ್ತು. ಕೊನೆಗೆ ಶವಾಸನ ಅಂತ ಹೇಳಿ ಎಲ್ಲರನ್ನೂ ಅಂಗಾತ ಮಲಗಿಸಿದೆ. ಹಾಗಂದರೇನು ಅಂತ ಅವಳು ಕೇಳಿದಳು."

"ಏನು ಹೇಳಿದೆ?"

"ಹೆಣದ ಹಾಗೆ ಮಲಗುವುದು ಅಂತ ಅವರ ಭಾಷೆಯಲ್ಲೇ ಬಿಡಿಸಿ ಹೇಳಿದೆ. ಎದ್ದು ಕೂತಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದಳು. ಮುಂದಿನ ವಾರ ನಾಲ್ವರು ಬಂದರು. ಆಮೇಲೆ ಯಾರೂ ಬರಲಿಲ್ಲ."

"ಎಲ್ವೀರಾ ಏನಾದಳು?"

"ಎರಡು ತಿಂಗಳಾದ ಮೇಲೆ ಅವಳ ತಂಗಿ ಬೆನೀತಾ ನನ್ನನ್ನು ಹುಡುಕಿಕೊಂಡು ಬಂದಳು. ಅಕ್ಕ ತೀರಿಕೊಂಡಳು ಅಂದಳು. ಆವತ್ತಿನಿಂದ ಎಲ್ವೀರಾ ಹಾಸಿಗೆಗೆ ಬೆನ್ನು ಕೊಡಲೇ ಇಲ್ಲವಂತೆ. ಮಲಗಿದರೆ ಮತ್ತೆ ಏಳುವುದಿಲ್ಲ ಅನ್ನುವ ಭಯ. ಕುರ್ಚಿಯಲ್ಲಿ ಕೂತೇ ಪ್ರಾಣ ಬಿಟ್ಟಳಂತೆ."

"ಮಲಗು," ಎಂದರು ನಿಜಗುಣಯ್ಯನವರು.

ಚಿದಂಬರ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ. ಗುರುಗಳು ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಪಂಚೆ ತಂದು ಅವನ ಪಾದದಿಂದ ಮುಖದವರೆಗೆ ಹೊದಿಸಿದರು. ಅಂಚನ್ನು ತಲೆಯ ಕೆಳಗೆ ಸಿಕ್ಕಿಸಿದರು.

ಸ್ವಲ್ಪ ಹೊತ್ತಿಗೆ ಅವನು ಪಂಚೆ ಕಿತ್ತೆಸೆದು ಎದ್ದು ಕೂತ. ಮೈಯೆಲ್ಲ ಬೆವೆತಿತ್ತು.

"ನಿನಗೆ ಯಾವ ಕಾಯಿಲೆಯೂ ಇಲ್ಲ, ಆದರೂ ಮಲಗಿರಲಾಗಲಿಲ್ಲ," ಎಂದರು ಗುರುಗಳು.

ಚಿದಂಬರ ಬಹಳ ಹೊತ್ತು ಅತ್ತ. ಆಮೇಲೆ ಹೇಳಿದ: "ಆ ಹೆಸರನ್ನೇ ಬಿಟ್ಟುಬಿಡುತ್ತೇನೆ. ವಿಶ್ರಾಂತಿ ಅಂತ ಕರೆಯುತ್ತೇನೆ."

"ಹೆಸರೊಂದಕ್ಕೇ ಎದ್ದು ಹೋದಳೇನು? ಮಲಗುವ ಮುಂಚೆ ಏನಾದರೂ ಕೇಳಿದ್ದಳೇ?"

"ಜೊತೆಗೆ ಬಂದಿದ್ದ ತಂಗಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿರಲಿ ಅಂದಿದ್ದಳು. ಇನ್ನೊಂದು ಕೈಯಲ್ಲಿ ಜಪಮಾಲೆ ಇರಲಿ ಅಂದಿದ್ದಳು. ಎರಡೂ ಬೇಡ ಅಂದೆ."

"ಯಾಕೆ?"

"ಒಬ್ಬರನ್ನೊಬ್ಬರು ಮುಟ್ಟಬಾರದು. ಕೈ ಬರಿದಾಗಿರಬೇಕು. ಅದು ನಿಯಮ."

"ಯಾರ ನಿಯಮ?"

ಚಿದಂಬರ ತಲೆ ತಗ್ಗಿಸಿದ.

"ನಿಮ್ಮದು."

ನಿಜಗುಣಯ್ಯನವರು ಪಂಚೆಯನ್ನು ಎತ್ತಿಕೊಂಡು ಮಡಿಸಲು ಹೋದರು. ಅರ್ಧ ಮಡಿಸಿ ಹಾಗೇ ಬಿಟ್ಟರು.

"ಗಟ್ಟಿಮುಟ್ಟಾದವರಿಗೆ ಮಾಡಿದ ನಿಯಮ ಅದು. ಸಾವು ಎದುರಿಗಿದ್ದವರು ಯಾರೂ ನನ್ನ ಬಳಿ ಕಲಿಯಲು ಬಂದಿರಲಿಲ್ಲ. ಎಲ್ವೀರಾ ಇಲ್ಲಿಗೆ ಬಂದಿದ್ದರೂ ನಾನು ಬೇಡ ಅಂತಲೇ ಅನ್ನುತ್ತಿದ್ದೆ."

"ಹಾಗಾದರೆ ಆ ಜನಕ್ಕೆ ಹೇಗೆ ಕಲಿಸಬೇಕು? ಯಾರನ್ನು ಕೇಳಲಿ?"

"ಬೆನೀತಾಳನ್ನು ಕೇಳು. ಕೊನೆಯವರೆಗೆ ಅಕ್ಕನ ಜೊತೆಗಿದ್ದವಳು ಅವಳು. ವಾಪಸು ಹೋಗು."

"ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಾಳೆ, ಗುರುಗಳೇ."

"ಬೈಯಲಿ. ಪೂರ್ತಿ ಕೇಳು. ಕಣ್ಣು ಮುಚ್ಚಬೇಡ."