ದಾರಿಗೆ ಬೆನ್ನು ಹಾಕಿದ ವಕೀಲ

ಒಳ್ಳೆಯ ವಕೀಲ ತಾನು ವಕೀಲನೆಂದು ಹೇಳಿಕೊಳ್ಳುವುದಿಲ್ಲ, ಬೇಕಾದವರು ತಾವೇ ಹುಡುಕಿಕೊಂಡು ಬರುತ್ತಾರೆ ಎಂದು ಆ ಕಾಡಿನಲ್ಲಿ ಎಲ್ಲರೂ ನಂಬಿದ್ದರು.

ಅದಕ್ಕೊಂದು ಪದ್ಧತಿಯೂ ಇತ್ತು, ಮಕ್ಕಳೇ. ವಕೀಲನಾದವನು ದಾರಿಗೆ ಬೆನ್ನು ಹಾಕಿಯೇ ಕೂರಬೇಕು. ಹೋಗಿಬರುವವರ ಮುಖ ನೋಡಿದರೆ ಕರೆದ ಹಾಗೆ! ಕಾಡಿನ ಇಬ್ಬರು ವಕೀಲರಲ್ಲಿ ನರಿಗೆ ಇದರಿಂದ ತೊಂದರೆಯಾಗಲಿಲ್ಲ. ಅವನ ಬಾಲವನ್ನು ಎಲ್ಲರೂ ಬಲ್ಲರು. ತೊಂದರೆಯಾದದ್ದು ಆಮೆಗೆ.

ಮಂದಣ್ಣನೆಂಬ ಆ ಮುದಿ ಆಮೆ ಕೆರೆದಂಡೆಯ ನೇರಳೆ ಮರದಡಿ, ದಾರಿಗೆ ಬೆನ್ನು ಹಾಕಿ, ಕತ್ತು ಒಳಗೆಳೆದುಕೊಂಡು ಕೂತಿರುತ್ತಿದ್ದ. ಕಾಡಿನ ಕಾನೂನೆಲ್ಲ ಅವನಿಗೆ ಬಾಯಿಪಾಠ. ಕೇಳಲು ಮಾತ್ರ ಯಾರೂ ಬಂದಿರಲಿಲ್ಲ. ಅದನ್ನು ಅವನು ಸಭ್ಯತೆ ಎಂದು ಕರೆಯುತ್ತಿದ್ದ.

ಅದೇ ಮರದ ಪೊಟರೆಯಲ್ಲಿ ತುಂಗಿ ಎಂಬ ಅಳಿಲು ಮರಿ ಹಾಕಿದ್ದಳು. ಮರಿಗಳಿನ್ನೂ ಕಣ್ಣು ಬಿಟ್ಟಿರಲಿಲ್ಲ. ಅಷ್ಟರಲ್ಲೇ ಗಿಳಿಯೊಬ್ಬ ಬಂದು, "ಇದು ನಮ್ಮಜ್ಜನ ಪೊಟರೆ, ಖಾಲಿ ಮಾಡು" ಎಂದ. ಆನೆಯಜ್ಜನ ನ್ಯಾಯಸಭೆಗೆ ದೂರೂ ಕೊಟ್ಟ.

ತುಂಗಿ ಕೆಳಗಿಳಿದು, ಬಿಸಿಲಿಗೆ ಬೆಚ್ಚಗಾಗಿದ್ದ ಕಲ್ಲೊಂದರ ಮೇಲೆ ಕೂತು ಅತ್ತಳು. ಆ ಕಲ್ಲೇ ಮಂದಣ್ಣನ ಬೆನ್ನು.

"ಗಿಳಿಗೆ ನರಿಯಣ್ಣ ಇದ್ದಾನೆ. ನನಗೆ ಯಾರಿದ್ದಾರೆ, ಕಲ್ಲಪ್ಪಾ? ಈ ಕೂಸುಗಳನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?"

ಕಣ್ಣು ಬಿಡದ ಮರಿಗಳಿರುವ ಪೊಟರೆಯಿಂದ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಈ ಕಾನೂನು ಮಂದಣ್ಣನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳು ಕೇಳಿದ್ದು ಕಲ್ಲನ್ನು, ವಕೀಲನನ್ನಲ್ಲ. ತಾನಾಗಿ ಬಾಯಿಬಿಟ್ಟರೆ ಮರ್ಯಾದೆ ಏನಾಗಬೇಕು? ಅವಳು ಮರುದಿನವೂ ಬಂದು ಅತ್ತಳು. ಅವನು ಮರುದಿನವೂ ಸಭ್ಯನಾಗಿದ್ದ.

ಸಭೆಯಲ್ಲಿ ನರಿ ಗಿಳಿಯ ವಂಶವನ್ನೆಲ್ಲ ವರ್ಣಿಸಿದ. ಮರಿಗಳ ಮಾತೇ ಎತ್ತಲಿಲ್ಲ. ಎತ್ತಬೇಕೆಂದು ತುಂಗಿಗೆ ತಿಳಿಯದು. ಅವಳು ಬಿಕ್ಕಿದಳು, ಅಷ್ಟೆ. ಹೊತ್ತು ಮುಳುಗುವುದರೊಳಗೆ ಪೊಟರೆ ಬಿಡಬೇಕೆಂದು ತೀರ್ಪಾಯಿತು.

ತುಂಗಿ ಮೊದಲ ಮರಿಯನ್ನು ಬಾಯಲ್ಲಿ ಕಚ್ಚಿ ತಂದು ಕಲ್ಲಿನ ಮೇಲೆ ಮಲಗಿಸಿದಳು. "ನೋಡ್ಕೋ ಕಲ್ಲಪ್ಪಾ, ಇನ್ನೊಂದನ್ನ ತರ್ತೀನಿ" ಎಂದು ಮರವೇರಿದಳು. ಮರಿ ತಡವರಿಸಿ ಹೊರಳಿ, ಚಿಪ್ಪಿಗೆ ಮೂತಿಯೊತ್ತಿ ಹಾಲು ಹುಡುಕಿತು.

ಮಂದಣ್ಣನ ಸಭ್ಯತೆ ಅಲ್ಲಿಗೆ ಮುಗಿಯಿತು.

"ಏ ತುಂಗವ್ವಾ!" ಅವನು ಕತ್ತು ಹೊರಚಾಚಿ ಕೂಗಿದ. "ನಾನು ವಕೀಲ ಕಣವ್ವಾ! ಇಳಿದು ಬಾ, ಸಭೆಗೆ ಹೋಗೋಣ!"

ಸಭೆ ಕೆರೆಯ ಆಚೆ ದಡದಲ್ಲಿತ್ತು. ನೆಲದ ಮೇಲೆ ನಿಧಾನವಾದರೂ ನೀರಿನಲ್ಲಿ ಮಂದಣ್ಣ ಚುರುಕು. ತಾಯಿಯನ್ನೂ ಮರಿಯನ್ನೂ ಬೆನ್ನ ಮೇಲೆ ಹೊತ್ತು ಈಜಿದ.

ಆನೆಯಜ್ಜ ಕಾನೂನು ಕೇಳಿದ, ಮರಿಯ ಮುಚ್ಚಿದ ಕಣ್ಣು ನೋಡಿದ, ತೀರ್ಪು ಬದಲಿಸಿದ.

ನರಿ ಬಿಡಲಿಲ್ಲ. "ಸ್ವಾಮಿ, ಇವನು ತಾನೇ ಕೂಗಿ ಕರೆದದ್ದು ಈ ದಡದವರೆಗೂ ಕೇಳಿಸಿತು! ಎಂಥ ನಾಚಿಕೆಗೇಡು! ಬೇಕಿದ್ದರೆ ಅವಳೇ ಹುಡುಕಿಕೊಂಡು ಬರುತ್ತಿರಲಿಲ್ಲವೇ?"

ಆನೆಯಜ್ಜ ತುಂಗಿಯತ್ತ ತಿರುಗಿದ. "ಹೌದಲ್ಲಮ್ಮಾ, ನೀನ್ಯಾಕೆ ಇವನ ಹತ್ತಿರ ಹೋಗಲಿಲ್ಲ?"

"ದಿನಾ ಹೋಗ್ತಿದ್ದೆ ಅಜ್ಜಾ. ಇವರ ಬೆನ್ನ ಮೇಲೇ ಕೂತು ಅಳ್ತಿದ್ದೆ. ಕಲ್ಲು ಅಂದ್ಕೊಂಡಿದ್ದೆ."

ನೀತಿ: ತನ್ನನ್ನು ತಾನೇ ಹೊಗಳಿಕೊಳ್ಳುವುದು ತಪ್ಪಿರಬಹುದು, ತಾನಿದ್ದೇನೆ ಎಂದು ತಿಳಿಸುವುದು ತಪ್ಪಲ್ಲ.